ಸಫೈರ್ಸ್ ಗಾಯನವೃಂದ

ಸಫೈರ್ಸ್ ಎಂಬುದು 1960ರ ದಶಕದಲ್ಲಿ ಆಸ್ಟ್ರೇಲಿಯದ ಮೆಲ್ಬರ್ನ್ ನಗರದಲ್ಲಿ ಹಾಡುತ್ತಿದ್ದ ಆದಿವಾಸಿ ತರುಣಿಯರ ಗಾಯನವೃಂದ. ಲಾರೆಲ್ ರಾಬಿನ್‌ಸನ್, ಬೆವರ್ಲಿ ಬ್ರಿಗ್ಸ್, ನವೋಮಿ ಮೇಯರ್ಸ್ ಎಂಬ ಮೂವರು ಇದರ ಮೂಲ ಗಾಯಕಿಯರು.

ಇವರು ಅಮೆರಿಕದ ಕರಿಯರ ಸೋಲ್ ಸಂಗೀತಕ್ಕೆ ಒಲಿದುದನ್ನು ಬರಿಯ ರೇಡಿಯೊ, ಗ್ರಾಮಫೋನುಗಳ ಪ್ರಭಾವವೆಂದು ಎಣಿಸಲಾಗದು. ಆ ಸಂಗೀತದ ತಾಯಿಬೇರು ಕರಿಯರ ಭಕ್ತಿಗೀತಗಳಲ್ಲಿದೆ. ಅಂಥ ಗೀತಗಳನ್ನು ಹಾಡುತ್ತ ದೇಶಸಂಚಾರ ಹೊರಟಿದ್ದ ಫಿಸ್ಕ್ ಜೂಬಿಲಿ ಗಾಯಕರು 1886ರಲ್ಲಿಯೇ ಮರ್ರೆ ನದೀತೀರದ ಮಲೋಗಾ ಮಿಷನ್ನಿಗೆ ಬಂದು, ಅಲ್ಲಿ ನೆಲಸಿದ್ದ, ಈ ಗಾಯಕಿಯರ ಪೂರ್ವಿಕರಾದ ಯೋರ್ಟಾ ಯೋರ್ಟಾ ಜನರ ಮುಂದೆ ಹಾಡಿದ್ದರು. ಕಡಲಿನಲ್ಲಿ ಮುಳುಗಿದ ಫೇರೋ ದೊರೆಯ ಸೈನ್ಯವನ್ನು ಕುರಿತ ಅವರ ಹಾಡೊಂದು ಆ ಜನರ ನುಡಿಗೆ ಇಳಿದು ಇಂದಿಗೂ ಬಳಕೆಯಲ್ಲಿದೆ. ಅದನ್ನು ಭಾಷಾಂತರಿಸುವುದರಲ್ಲಿ ನೆರವಾದನೆಂದು ಹೇಳಲಾಗುವ ಉಪಾಧ್ಯಾಯ ಥಾಮಸ್ ಶಾಡ್ರಾಕ್ ಜೇಮ್ಸ್, ಮಾರಿಷಸ್ಸಿನಲ್ಲಿ ಜನಿಸಿದ ಭಾರತೀಯ ಮೂಲದವನೆಂಬುದು ನಮಗೆ ವಿಶೇಷ ಕುತೂಹಲದ ಸಂಗತಿ. 1939ರಲ್ಲಿ ಆಡಳಿತದ ದಬ್ಬಾಳಿಕೆಯನ್ನು ಸಹಿಸಲಾರದೆ ಕಮರಗಂಜವೆಂಬ ಆದಿವಾಸಿ ವಸತಿಯಿಂದ ಸಾಮೂಹಿಕವಾಗಿ ಹೊರನಡೆದವರೂ ಇದೇ ಯೋರ್ಟಾ ಯೋರ್ಟಾ ಜನ.

ಆದಿವಾಸಿಗಳನ್ನು ಜನಗಣತಿಯಲ್ಲಿ ಸೇರಿಸಲು ರಾಷ್ಟ್ರದ ಮತದಾರರಲ್ಲಿ ನೂರಕ್ಕೆ ತೊಂಬತ್ತಕ್ಕೂ ಮಿಕ್ಕು ಮಂದಿ 1967ರಲ್ಲಿ ಸಮ್ಮತಿಯಿತ್ತರು. ಅದರ ಮರುವರ್ಷವೇ ವಿಯೆಟ್ನಾಮಿನಲ್ಲಿ ಯುದ್ಧಕ್ಕೆ ಹೋಗಿದ್ದ ಸೈನಿಕರನ್ನು ರಂಜಿಸಲು ಈ ವೃಂದಕ್ಕೆ ಆಹ್ವಾನ ಬಂದಿತು. ಯುದ್ಧವನ್ನು ವಿರೋಧಿಸುತ್ತಿದ್ದ ಬೆವರ್ಲಿ, ನವೋಮಿ ಇಬ್ಬರೂ ಹೋಗಲು ಒಪ್ಪಲಿಲ್ಲ. ಲಾರೆಲ್ ತನ್ನ ಸೋದರಿ ಲೋಯಿಸ್ ಪೀಲರಳನ್ನು ಜೊತೆಗೂಡಿಸಿಕೊಂಡು ತೆರಳಿದಳು.

ಲಾರೆಲಳ ಮಗ ಟೋನಿ ಬ್ರಿಗ್ಸ್ ತಾಯಿಯಿಂದ ಕೇಳಿದ ಈ ಕಥೆಯನ್ನು ನಾಟಕವಾಗಿ ರಚಿಸಲು, ಅದು 2004ರಲ್ಲಿ ಮೆಲ್ಬರ್ನಿನಲ್ಲಿ ರಂಗವೇರಿತು. ಅದನ್ನು ಆಧರಿಸಿ ವೇನ್ ಬ್ಲೇರ್ ನಿರ್ದೇಶಿಸಿದ ಚಲನಚಿತ್ರವು 2012ರಲ್ಲಿ ಕಾನ್ ಉತ್ಸವದಲ್ಲಿ ಪ್ರದರ್ಶಿತವಾಯಿತು. ಚಿತ್ರದಲ್ಲಿ ನಾಲ್ವರೂ ಯುದ್ಧಭೂಮಿಗೆ ಹೋಗುತ್ತಾರೆ. ಅವರನ್ನು ಸೋಲ್ ಸಂಗೀತದ ಕಡೆಗೆ ತಿರುಗಿಸುವವನು ಐರಿಷ್ ವ್ಯವಸ್ಥಾಪಕನೊಬ್ಬ. ಮನೋಹರವಾದ ಚಿತ್ರವೇ ಸರಿ. ಆದರೆ ಇಬ್ಬರ ನಿರಾಕರಣೆಯನ್ನು ಬಿಟ್ಟುದರಿಂದ ಇತಿಹಾಸದ ಸತ್ತ್ವವುಳ್ಳ ಭಾಗವೊಂದು ಕೈತಪ್ಪಿತೆನ್ನಬೇಕು. 2013ರಲ್ಲಿ ಅಮೆರಿಕದಲ್ಲಿ ಹೊರಬಂದ ಡಿವಿಡಿಯ ಹೊದಿಕೆಯ ಮೇಲಂತೂ ಆ ವ್ಯವಸ್ಥಾಪಕನ ಪಾತ್ರಧಾರಿಯನ್ನು ಮುಂದೆ ನಿಲ್ಲಿಸಿ, ಗಾಯಕಿಯರನ್ನು ನೀಲಿಬಣ್ಣದಲ್ಲಿ ಮಸುಕಾಗಿಸಿ ಹಿಂದೆ ಸರಿಸಲಾಗಿತ್ತು. ಪ್ರತಿಭಟನೆ ಎದ್ದ ಮೇಲೆ ಪ್ರಕಾಶಕರು ಕ್ಷಮೆ ಕೋರಿದರು.

ನವೋಮಿ ಮೇಯರ್ಸ್ ಮುಂದೆ ಸಿಡ್ನಿಯ ರೆಡ್‌ಫರ್ನಿನಲ್ಲಿ 1971ರಲ್ಲಿ ಆರಂಭವಾದ ಆದಿವಾಸಿ ವೈದ್ಯಕೀಯ ಸಂಸ್ಥೆಯನ್ನು ದೀರ್ಘಕಾಲ ಮುನ್ನಡೆಸಿದರು. ಲೋಯಿಸ್ ಪೀಲರ್ ಹೀಲ್ಸ್‌ವಿಲ್ಲಿನಲ್ಲಿ ಆದಿವಾಸಿ ಬಾಲಿಕೆಯರ ವೊರಾವಾ ವಿದ್ಯಾಲಯದ ಮುಖ್ಯಸ್ಥೆಯಾದರು.