ಕಬ್ಬಿಣದ ಮೇಲಿನ ಶಾಸನಗಳು

ಶಾಸನವೆಂದೊಡನೆ ಕನ್ನಡಿಗರಾದ ನಮ್ಮ ಕಣ್ಣ ಮುಂದೆ ಹಲ್ಮಿಡಿಯ ಕಲ್ಲು, ಬಾದಾಮಿಯ ಬಂಡೆ, ತಾಮ್ರಪಟಗಳು ಬಂದು ನಿಲ್ಲುತ್ತವೆ. ಕಬ್ಬಿಣದ ಮೇಲೂ ಶಾಸನಗಳುಂಟೆಂಬುದನ್ನು ನಾವು ಅಷ್ಟಾಗಿ ಗಮನಿಸಿಲ್ಲ. ಹಳೆಯ ಕೋವಿ, ಫಿರಂಗಿಗಳ ಮೈಮೇಲೆ ಕಾಣುವ ಹೃದಯದ ಆಕಾರ, ಕಿರೀಟ, ಬಾಣ, ಹುಲಿಮೊಗ, ಒಂದೆರಡು ಅಕ್ಷರ, ನಾಲ್ಕಾರು ಅಂಕೆ ಇವು ಬರಿಯ ಅಲಂಕಾರಕ್ಕಾಗಿ ಕೊರೆದವಲ್ಲ. ಆಯುಧವನ್ನು ಮಾಡಿದವರಾರು, ಪರೀಕ್ಷಿಸಿದವರಾರು, ಅದು ಯಾರ ಸ್ವತ್ತು ಎಂಬ ಮೂರು ಪ್ರಶ್ನೆಗಳಿಗೆ ಅವು ಉತ್ತರ ಹೇಳುತ್ತವೆ.

ಇಂಥ ಬರಹವನ್ನು ಓದಲು ಮುಂಬಯಿಯ ನಾವು ದೂರ ಹೋಗಬೇಕಾಗಿಲ್ಲ. ಕೋಟೆ ಪ್ರದೇಶದಲ್ಲಿ ರಸ್ತೆಯಂಚಿಗೆ ಗೂಟಗಳಂತೆ ಹೂಳಿದ ಹಳೆಯ ಫಿರಂಗಿಗಳನ್ನು ಕಚೇರಿಯ ಅವಸರದಲ್ಲಿ ದಾಟಿಹೋಗುವವರೇ ಹೆಚ್ಚು. ಮಲಬಾರ್ ಹಿಲ್ಲಿನ ರಾಜಭವನದ ಆವರಣದಲ್ಲಿ 2018ರಲ್ಲಿ ತಲಾ ಸುಮಾರು 22 ಟನ್ ತೂಕದ ಎರಡು ಫಿರಂಗಿಗಳನ್ನು ಕ್ರೇನಿನಿಂದ ಮೇಲೆತ್ತಿದರು. ಇಂಗ್ಲಿಷರ ಹಳೆಯ ಫಿರಂಗಿಗಳ ಮೇಲೆ ಮೂರು ಅಂಕೆಗಳ ಒಂದು ಸಾಲು ಕಾಣುವುದುಂಟು. ನೋಡಿದವರು ಅದನ್ನು ತಾರೀಖೆಂದು ಭ್ರಮಿಸುತ್ತಾರೆ. ಅದು ತೂಕ. ಮೊದಲನೆಯದು 112 ಪೌಂಡಿನ ಹಂಡ್ರೆಡ್‌ವೇಟ್, ಎರಡನೆಯದು 28 ಪೌಂಡಿನ ಕ್ವಾರ್ಟರ್, ಮೂರನೆಯದು ಬಿಡಿ ಪೌಂಡು. 32-2-14 ಎಂದಿದ್ದರೆ 3,654 ಪೌಂಡೆಂದು ಅರ್ಥ.

ಈಸ್ಟ್ ಇಂಡಿಯಾ ಕಂಪೆನಿಯ ಬಂದೂಕುಗಳ ಗುರುತು ಇನ್ನೂ ಸ್ವಾರಸ್ಯವಾದುದು. ಹೃದಯಾಕಾರದೊಳಗೆ ವಿ, ಇ, ಐ, ಸಿ ಎಂಬ ನಾಲ್ಕು ಅಕ್ಷರಗಳು. ಅದರ ತಲೆಯ ಮೇಲೆ 4ರ ಅಂಕೆಯಂಥ ಗೆರೆ. ವಿ ಎಂಬುದು ಹಳೆಯ ಲಿಪಿಯ ಯು, ಎಂದರೆ ಯುನೈಟೆಡ್. ಮೂಲತಃ ಇದು ವರ್ತಕರು ಸರಕಿನ ಮೂಟೆಗಳ ಮೇಲೆ ಹಾಕುತ್ತಿದ್ದ ಗುರುತು. ಮೂಟೆಯ ಗುರುತೇ ಬಂದೂಕಿಗೂ ಬಿದ್ದುದರಲ್ಲಿ ವ್ಯಾಪಾರವು ರಾಜ್ಯಭಾರವಾದ ಕಥೆಯೆಲ್ಲ ಅಡಗಿದೆ. 1808ರಿಂದ ಇದರ ಬದಲು ಕಿರೀಟ ಹಿಡಿದು ನಿಂತ ಸಿಂಹ ಬಂದಿತು. ಆದುದರಿಂದ ಗುರುತನ್ನು ಕಂಡೊಡನೆ ಕಾಲವನ್ನು ಸ್ಥೂಲವಾಗಿ ಹೇಳಬಹುದು.

ಅದೇ ಕಾಲದಲ್ಲಿ ನಮ್ಮ ನಾಡಿನಲ್ಲಿಯೂ ಬಂದೂಕುಗಳು ತಯಾರಾಗುತ್ತಿದ್ದುವು. ಟಿಪ್ಪು ಸುಲ್ತಾನನ ಕಾರ್ಖಾನೆಯ ಕೋವಿಗಳ ಮೇಲೆ ಹುಲಿಯ ಪಟ್ಟೆ, ಹುಲಿಮೊಗ, ಹೈದರನ ಹೆಸರಿನ ಅಕ್ಷರಗಳ ಮುದ್ರೆ ಇವೆ. ತಯಾರಾದ ಸ್ಥಳ ಶ್ರೀರಂಗಪಟ್ಟಣವಾದರೆ ‘ಪಟನ್’ ಎಂದು ಬರೆದಿರುವುದುಂಟು; ಕೆಲವದರ ಮೇಲೆ ಕುಶಲಕರ್ಮಿಯ ಹೆಸರೂ ಉಂಟು. ವರ್ಷವನ್ನು ಮಾತ್ರ ಎಚ್ಚರದಿಂದ ಓದಬೇಕು. 1787ರ ಸುಮಾರಿಗೆ ಟಿಪ್ಪು ಬಳಕೆಗೆ ತಂದ ಮೌಲೂದಿ ಶಕೆಯ ಅಂಕೆಗಳನ್ನು ಬಲದಿಂದ ಎಡಕ್ಕೆ ಬರೆಯುತ್ತಿದ್ದರು. ಹಾಗೆ ಓದಿದ ಸಂಖ್ಯೆಗೆ 572 ಕೂಡಿಸಿದರೆ ಹೆಚ್ಚುಕಡಿಮೆ ನಮ್ಮ ಇಸವಿ ದೊರೆಯುತ್ತದೆ. 1226 ಎಂದರೆ 1798-99, ಅವನ ಕೊನೆಯ ವರ್ಷ.

ಆ ವರ್ಷವೇ ಜನರಲ್ ಸ್ಟುವರ್ಟನ ಕೈಕೆಳಗೆ ಮುಂಬಯಿಯ ಸೈನ್ಯವು ಕೊಡಗಿನ ಮಾರ್ಗವಾಗಿ ಬಂದು ಮುತ್ತಿಗೆಯಲ್ಲಿ ಸೇರಿತು. 1799ರ ಮೇ 4ರಂದು ಕೋಟೆ ಬಿದ್ದಿತು. ಹೃದಯದ ಗುರುತು ಹುಲಿಯ ಗುರುತನ್ನು ಗೆದ್ದಿತೆನ್ನಬಹುದು. ಪಟ್ಟಣದ ಆಯುಧಗಳು ಗೆದ್ದವರ ಪಾಲಾಗಿ ಕಡಲು ದಾಟಿದುವು. ಹೀಗೆ ಹೋದ ಒಂದು ಕೋವಿಯೂ ಕೆಲವು ಖಡ್ಗಗಳೂ ಇಂಗ್ಲೆಂಡಿನ ಬರ್ಕ್‌ಶೈರಿನ ಮನೆಯೊಂದರ ಅಟ್ಟದಲ್ಲಿ ದೊರೆತು 2019ರ ಮಾರ್ಚಿಯಲ್ಲಿ ಹರಾಜಾದುವು. ಕನ್ನಡ ನೆಲದ ಕಮ್ಮಾರನ ಕೈಕೆಲಸಕ್ಕೆ ಇಂದು ಸಾಕ್ಷಿ ಹೇಳಬಲ್ಲುದು ಇಂಥ ಮುದ್ರೆಯೇ.

ಮುಂದಿನ ಕಾಲದ ಕಥೆಯನ್ನು .303 ರೈಫಲ್ ಹೇಳುತ್ತದೆ. ಒಂದರ ಮೇಲೊಂದು ಒರಗಿಸಿಟ್ಟ ಮೂರು ಬಂದೂಕುಗಳ ಚಿಹ್ನೆ ಬರ್ಮಿಂಗ್‌ಹ್ಯಾಮಿನ ಬಿ.ಎಸ್.ಎ. ಕಂಪೆನಿಯದು. ಕಿರೀಟದ ಕೆಳಗೆ ಜಿ.ಆರ್.ಐ. ಮತ್ತು ಇಶಾಪುರ್ ಎಂದಿದ್ದರೆ ಅದು ಬಂಗಾಳದ ಸರ್ಕಾರಿ ಕಾರ್ಖಾನೆಯದು, ಚಕ್ರವರ್ತಿ ಜಾರ್ಜನ ಕಾಲದ್ದು. ಸ್ವಾತಂತ್ರ್ಯಾನಂತರ ಕಿರೀಟವು ಹೋಗಿ ಅಶೋಕನ ಸಿಂಹವೂ ಆರ್.ಎಫ್.ಐ. ಎಂಬ ಅಕ್ಷರಗಳೂ ಬಂದುವು. 2008ರ ನವೆಂಬರ್ 26ರ ರಾತ್ರಿ ಛತ್ರಪತಿ ಶಿವಾಜಿ ಟರ್ಮಿನಸ್ಸಿನಲ್ಲಿ ರೈಲ್ವೆ ಪೊಲೀಸರು ಹಿಡಿದು ನಿಂತುದೂ ಈ .303 ರೈಫಲನ್ನೇ.

ಆದರೆ ಒಂದು ಗುರುತನ್ನು ಕಂಡು ಇಡೀ ಆಯುಧದ ಜಾತಕ ಬರೆಯಕೂಡದು. ಬಂದೂಕು ಹಲವು ಬಿಡಿಭಾಗಗಳ ಕೂಟ. ದುರಸ್ತಿಯ ಕಾಲದಲ್ಲಿ ಹಳೆಯ ನಳಿಗೆಗೆ ಹೊಸ ಬೋಲ್ಟು ಸೇರಿರಬಹುದು. ಎರಡರ ಮೇಲಿನ ಸಂಖ್ಯೆಗಳು ಹೊಂದದಿದ್ದರೆ ಅದನ್ನು ಊಹಿಸಬೇಕು. ಬೆಲೆಯಾಸೆಗೆ ಮುದ್ರೆಯನ್ನು ನಕಲು ಮಾಡಿ ಒತ್ತುವವರೂ ಇದ್ದಾರೆ. ಲಿಪಿ, ಲೋಹ, ಕೆಲಸದ ರೀತಿ ಈ ಮೂರೂ ಒಂದೇ ಮಾತು ಹೇಳಿದಾಗ ಮಾತ್ರ ನಂಬುವುದು ವಿವೇಕ.

ಈ ವಿಷಯವು ಪಂಡಿತರಿಗೆ ಮಾತ್ರ ಸೇರಿದ್ದಲ್ಲ. 1959ರ ಶಸ್ತ್ರಾಸ್ತ್ರ ಕಾಯಿದೆಯ 8ನೆಯ ಕಲಮು ಬಂದೂಕಿನ ಮೇಲಿನ ಹೆಸರು, ಸಂಖ್ಯೆ, ಗುರುತುಗಳನ್ನು ಅಳಿಸುವುದನ್ನೂ ತಿದ್ದುವುದನ್ನೂ ಅಪರಾಧವೆಂದು ಸಾರುತ್ತದೆ. ಕೊಡಗಿನಲ್ಲಿ ಕೈಲ್ ಮುಹೂರ್ತದ ದಿನ ಕೋವಿಗೆ ಹೂ ಮುಡಿಸಿ ಪೂಜಿಸುತ್ತಾರೆ. ನಮ್ಮ ಮನೆಗಳಲ್ಲಿ ಆಯುಧಪೂಜೆಯುಂಟು. ಪೂಜೆಯ ಮುನ್ನ ತಿಕ್ಕಿ ಬೆಳಗುವುದು ರೂಢಿ. ಉಜ್ಜುಕಾಗದದಿಂದ ತಿಕ್ಕಿದಾಗ ತುಕ್ಕಿನೊಡನೆ ಅಕ್ಷರವೂ ಹೋಗುತ್ತದೆ. ಹೋದ ಅಕ್ಷರ ಮರಳಿ ಬಾರದು. ಊರಿನ ಹಿರಿಯರ ಮನೆಯಲ್ಲಿ ಪರವಾನಗಿಯ ಹಳೆಯ ಕೋವಿಯಿದ್ದರೆ ಎಣ್ಣೆಬಟ್ಟೆಯಿಂದ ಮೆಲ್ಲಗೆ ಒರಸಿ, ಮುದ್ರೆಯ ಛಾಯಾಚಿತ್ರ ತೆಗೆದಿಡುವಂತೆ ಓದುಗರಲ್ಲಿ ನಮ್ಮ ವಿನಂತಿ. ನಾಡಿನ ಚರಿತ್ರೆಯ ಒಂದು ಸಾಲು ಅದರಿಂದ ಉಳಿದೀತು.