ಪದ ಪರಿಚಯ: ಡಿಎನ್‌ಎ ಬೆರಳಚ್ಚು

'ಬೆರಳು', 'ಅಚ್ಚು' ಎಂಬ ಅಚ್ಚಗನ್ನಡ ಪದಗಳು ಲೋಪಸಂಧಿಯಾಗಿ ಕೂಡಿದ 'ಬೆರಳಚ್ಚು' ಬೆರಳ ತುದಿಯ ಗೆರೆಗಳ ಗುರುತನ್ನು ಸೂಚಿಸುತ್ತದೆ. 'ಡಿಎನ್‌ಎ ಬೆರಳಚ್ಚು' ಎಂಬ ಪ್ರಯೋಗವಾದರೋ, ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾಲಯದ ಅಲೆಕ್ ಜೆಫ್ರಿಸ್ 1984ರಲ್ಲಿ ಕಂಡುಕೊಂಡ ವಿಧಾನದ ಇಂಗ್ಲಿಷ್ ಹೆಸರನ್ನು ಅನುಸರಿಸಿ ಬಂದದ್ದು. ಡಿಎನ್‌ಎಯ ನಿರ್ದಿಷ್ಟ ತಾಣಗಳಲ್ಲಿ ಕಿರು ಸರಣಿಯೊಂದು ಎಷ್ಟು ಬಾರಿ ಮರುಕಳಿಸುತ್ತದೆಂಬುದು ಜನರಲ್ಲಿ ಬೇರೆಬೇರೆಯಾಗಿರುವುದರಿಂದ, ಇಂದು ರಕ್ತದ ಕಲೆಯಿಂದಲೋ ಕೂದಲ ಬುಡದಿಂದಲೋ ಪಡೆದ ಆ ಎಣಿಕೆಯನ್ನು ಶಂಕಿತನ ಮಾದರಿಯೊಡನೆ ಹೋಲಿಸುತ್ತಾರೆ. ಲೆಸ್ಟರ್ ಬಳಿಯ ಇಬ್ಬರು ಬಾಲಕಿಯರ ಕೊಲೆ ಪ್ರಕರಣದಲ್ಲಿ ಈ ವಿಧಾನ ಮೊದಲು ಮಾಡಿದ್ದು, ಒಂದು ಕೊಲೆಯನ್ನು ಒಪ್ಪಿಕೊಂಡಿದ್ದ ನಿರಪರಾಧಿ ಯುವಕನನ್ನು ಪಾರುಗಾಣಿಸಿದ ಕೆಲಸವೆಂಬುದು ನೆನಪಿಡಬೇಕಾದ ಸಂಗತಿ. ನಿಜವಾದ ಅಪರಾಧಿಗೆ 1988ರಲ್ಲಿ ಶಿಕ್ಷೆಯಾಯಿತು.

ಆದರೂ ಈ ಹೆಸರು ಒಂದು ಮುಖ್ಯ ವ್ಯತ್ಯಾಸವನ್ನು ಮರೆಮಾಡುತ್ತದೆ. ತದ್ರೂಪಿ ಅವಳಿಗಳಲ್ಲೂ ಬೇರೆಯಾಗಿರುವ ಬೆರಳಚ್ಚು ಒಬ್ಬರದೇ ಸ್ವತ್ತು. ಡಿಎನ್‌ಎ ಹಾಗಲ್ಲ, ಅದು ತಂದೆತಾಯಿ, ಒಡಹುಟ್ಟಿದವರು, ದೂರದ ದಾಯಾದಿಗಳೊಡನೆ ಹಂಚಿಕೊಂಡದ್ದು. 2018ರಲ್ಲಿ ಕ್ಯಾಲಿಫೋರ್ನಿಯಾದ ಪೊಲೀಸರು ದಶಕಗಳ ಹಿಂದಿನ ಸರಣಿ ಕೊಲೆಗಾರನನ್ನು ಪತ್ತೆಹಚ್ಚಿದ್ದು, ವಂಶಾವಳಿ ಹುಡುಕುವ ಜಾಲತಾಣಕ್ಕೆ ದೂರದ ಸಂಬಂಧಿಕರು ಸ್ವಇಚ್ಛೆಯಿಂದ ಸೇರಿಸಿದ್ದ ಮಾಹಿತಿಯ ಮೂಲಕ. ಒಬ್ಬರ ಒಪ್ಪಿಗೆ ಇಡೀ ಕುಲದ ಗುಟ್ಟನ್ನು ತೆರೆಯಬಲ್ಲದೆಂಬುದು ಆಗ ಸ್ಪಷ್ಟವಾಯಿತು.

ಭಾರತದಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ 2017ರಲ್ಲಿ ಸುಪ್ರೀಂ ಕೋರ್ಟು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಹೀಗಿದ್ದೂ, ಜೈವಿಕ ಮಾದರಿಗಳ ವಿಶ್ಲೇಷಣೆಯನ್ನು 'ಅಳತೆ'ಗಳ ಸಾಲಿಗೆ ಸೇರಿಸಿದ 2022ರ ಅಪರಾಧ ಪ್ರಕ್ರಿಯಾ ಗುರುತಿಸುವಿಕೆ ಕಾಯ್ದೆ ಆ ದಾಖಲೆಗಳನ್ನು 75 ವರ್ಷ ಕಾಯ್ದಿಡಲು ಅವಕಾಶ ಕೊಟ್ಟಿದೆ; ಡಿಎನ್‌ಎ ಬಳಕೆಗೆಂದೇ ರೂಪಿಸಿದ್ದ ಪ್ರತ್ಯೇಕ ಮಸೂದೆಯನ್ನು ಸರ್ಕಾರ 2023ರಲ್ಲಿ ಹಿಂಪಡೆಯಿತು.