ಜ್ಯೋತಿಷ್ಯದ ಸ್ವಯಂ ಅಧ್ಯಯನ

ಜ್ಯೋತಿಷ್ಯದ ಸ್ವಯಂ ಅಧ್ಯಯನ ಎಂದರೆ ಗುರುಮುಖೇನ ಪಾಠವಿಲ್ಲದೆ, ಗ್ರಂಥ, ಪಂಚಾಂಗ ಹಾಗೂ ಅಂತರಜಾಲದಲ್ಲಿ ಉಚಿತವಾಗಿ ದೊರೆಯುವ ತಂತ್ರಾಂಶಗಳ ನೆರವಿನಿಂದ ಜಾತಕ ರಚನೆಯನ್ನೂ ಫಲ ಹೇಳುವ ಕ್ರಮವನ್ನೂ ತಾವಾಗಿಯೇ ಕಲಿಯುವುದು. ಜಾತಕ ಗುಣಿಸುವ ವಿದ್ಯೆಯು ಬಹುಕಾಲ ಕೆಲವು ಮನೆತನಗಳಲ್ಲಿ ತಂದೆಯಿಂದ ಮಗನಿಗೆ ಸಾಗಿಬರುತ್ತಿತ್ತು. ಇಂದು ಅದರ ಗಣಿತಭಾಗವು ಮೊಬೈಲ್ ಇರುವ ಯಾರಿಗಾದರೂ ಕ್ಷಣಮಾತ್ರದಲ್ಲಿ ಲಭ್ಯವಿದೆ. ಫಲಭಾಗದ ಸ್ಥಿತಿ ಹಾಗಿಲ್ಲ. ಈ ಎರಡರ ನಡುವಿನ ವ್ಯತ್ಯಾಸವನ್ನು ಗುರುತಿಸುವುದೇ ಕಲಿಯುವವರಿಗೆ ಎದುರಾಗುವ ಮುಖ್ಯ ತೊಡಕು. ಇಲ್ಲಿನ ಲೆಕ್ಕಗಳಿಗೆ ಕೋಲಾರ ಜಿಲ್ಲೆಯ ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರಗಳನ್ನು ಉದಾಹರಣೆಯಾಗಿ ಬಳಸಲಾಗಿದೆ.

ಹಿನ್ನೆಲೆ

ಸಾಂಪ್ರದಾಯಿಕವಾಗಿ ಜ್ಯೋತಿಷ್ಯವನ್ನು ಸಿದ್ಧಾಂತ, ಸಂಹಿತೆ ಮತ್ತು ಹೋರಾ ಎಂಬ ಮೂರು ಸ್ಕಂಧಗಳಾಗಿ ವಿಂಗಡಿಸಲಾಗಿದೆ. ಸಿದ್ಧಾಂತವು ಗ್ರಹಗತಿಯ ಗಣಿತ. ಜಾತಕಫಲವು ಹೋರಾಸ್ಕಂಧಕ್ಕೆ ಸೇರಿದ್ದು. ಕನ್ನಡದಲ್ಲಿ ಈ ವಿಷಯದ ಬರವಣಿಗೆ ಹೊಸದಲ್ಲ. ಕಲ್ಯಾಣ ಚಾಲುಕ್ಯರ ಕಾಲದ ಶ್ರೀಧರಾಚಾರ್ಯನು 1049ರಲ್ಲಿ ರಚಿಸಿದ ‘ಜಾತಕತಿಲಕ’ವು ಕನ್ನಡದಲ್ಲಿ ಉಪಲಬ್ಧವಿರುವ ಅತ್ಯಂತ ಹಳೆಯ ಜ್ಯೋತಿಷ್ಯ ಗ್ರಂಥ. ಸಂಸ್ಕೃತದ ಶಾಸ್ತ್ರವನ್ನು ದೇಶಭಾಷೆಯಲ್ಲಿ ಓದಿ ತಿಳಿಯಬೇಕೆಂಬ ಬಯಕೆಗೆ, ಹಾಗೆ ನೋಡಿದರೆ, ಸಾವಿರ ವರ್ಷದ ಇತಿಹಾಸವಿದೆ.

ಆಧುನಿಕ ಕಾಲದಲ್ಲಿ ಮನೆಯಲ್ಲಿಯೇ ಕುಳಿತು ಜ್ಯೋತಿಷ್ಯ ಕಲಿಯುವ ರೂಢಿಗೆ ಬಲ ಬಂದದ್ದು ಇಂಗ್ಲಿಷ್ ಪುಸ್ತಕಗಳಿಂದ. ಬಿ. ಸೂರ್ಯನಾರಾಯಣ ರಾವ್ ಅವರು 1895ರಲ್ಲಿ ‘ಆಸ್ಟ್ರಲಾಜಿಕಲ್ ಮ್ಯಾಗಜಿನ್’ ಪತ್ರಿಕೆಯನ್ನು ಆರಂಭಿಸಿದರು. ಅದು ನಿಂತುಹೋದ ಬಳಿಕ ಅವರ ಮೊಮ್ಮಗ ಬಿ. ವಿ. ರಾಮನ್ (1912–1998) 1936ರಲ್ಲಿ ಬೆಂಗಳೂರಿನಿಂದ ಅದಕ್ಕೆ ಮರುಜೀವ ನೀಡಿದರು. ಪತ್ರಿಕೆ 2007ರ ಕೊನೆಯವರೆಗೆ ನಡೆಯಿತು. ಸ್ವತಃ ರಾಮನ್ ಅವರು ಅಜ್ಜನ ಬಳಿ ಕಲಿತವರು. ಅವರ ಪುಸ್ತಕಗಳನ್ನು ಓದಿದವರಲ್ಲಿ ಗುರುವಿಲ್ಲದವರು ಬಹಳ ಮಂದಿ.

ಸ್ಥಳ ಮತ್ತು ಕಾಲ

ಉಚಿತ ತಂತ್ರಾಂಶಗಳಲ್ಲಿ ಪಿ. ವಿ. ಆರ್. ನರಸಿಂಹ ರಾವ್ ರೂಪಿಸಿದ ‘ಜಗನ್ನಾಥ ಹೋರಾ’ ಹೆಚ್ಚು ಪರಿಚಿತ. ಅದು ಮತ್ತು ಅಂಥ ಹಲವು ತಂತ್ರಾಂಶಗಳು ಗ್ರಹಸ್ಥಾನಕ್ಕೆ ‘ಸ್ವಿಸ್ ಎಫೆಮೆರಿಸ್’ ಎಂಬ ಗಣನಾಸಾಧನವನ್ನು ಅವಲಂಬಿಸಿವೆ. ಇದಕ್ಕೆ ಆಧಾರ ಅಮೆರಿಕದ ನಾಸಾ ಸಂಸ್ಥೆಯ ಜೆಟ್ ಪ್ರೊಪಲ್ಷನ್ ಪ್ರಯೋಗಾಲಯದ ಖಗೋಳ ಕೋಷ್ಟಕಗಳು. ಆದ್ದರಿಂದ ಚಂದ್ರನು ಯಾವ ಘಳಿಗೆಯಲ್ಲಿ ಎಲ್ಲಿದ್ದನೆಂಬ ಉತ್ತರದಲ್ಲಿ ತಪ್ಪಿಗೆ ಎಡೆ ತೀರ ಕಡಿಮೆ. ‘ಸ್ಟೆಲೇರಿಯಂ’ ಎಂಬ ಉಚಿತ ತಾರಾಲಯ ತಂತ್ರಾಂಶದಲ್ಲಿ ಅದೇ ಹೊತ್ತಿನ ಆಕಾಶವನ್ನು ತೆರೆದು, ಬಳಿಕ ಮಹಡಿಯ ಮೇಲೆ ನಿಂತು, ಚಂದ್ರ ರೋಹಿಣಿಯ ಬಳಿ ಇರುವುದನ್ನು ಕಣ್ಣಾರೆ ನೋಡಬಹುದು. ಕುಂಡಲಿಯ ಮನೆಗಳನ್ನಷ್ಟೇ ಕಂಡವರಿಗೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ.

ತಪ್ಪುಗಳು ನುಸುಳುವುದು ಬಳಕೆದಾರರು ತುಂಬುವ ವಿವರಗಳಲ್ಲಿ. ಭಾರತೀಯ ಕಾಲಮಾನವು 82½ ಡಿಗ್ರಿ ಪೂರ್ವ ರೇಖಾಂಶಕ್ಕೆ ಅನ್ವಯಿಸುತ್ತದೆ. ಕೋಲಾರವು ಅದಕ್ಕೆ ಪಶ್ಚಿಮದಲ್ಲಿ, ಸುಮಾರು 78 ಡಿಗ್ರಿ 8 ಕಲೆ ರೇಖಾಂಶದಲ್ಲಿದೆ. ಪ್ರತಿ ಡಿಗ್ರಿಗೆ 4 ನಿಮಿಷದಂತೆ ಇಲ್ಲಿನ ಸ್ಥಳೀಯ ಕಾಲವು ಗಡಿಯಾರಕ್ಕಿಂತ ಸುಮಾರು ಹದಿನೇಳೂವರೆ ನಿಮಿಷ ಹಿಂದೆ. ಇದೇ ಅಂತರ ಮಾಲೂರಿನಲ್ಲಿ ಸುಮಾರು 18 ನಿಮಿಷ, ಶ್ರೀನಿವಾಸಪುರದಲ್ಲಿ 17, ಮುಳಬಾಗಿಲಿನಲ್ಲಿ ಹದಿನಾರೂವರೆ. ಒಂದೇ ಜಿಲ್ಲೆಯ ಮಾಲೂರಿಗೂ ಮುಳಬಾಗಿಲಿಗೂ ನಡುವೆ ಎರಡು ನಿಮಿಷಕ್ಕೆ ಹತ್ತಿರದ ವ್ಯತ್ಯಾಸವಿದೆ. ಲಗ್ನವು ಸರಾಸರಿ 4 ನಿಮಿಷಕ್ಕೆ ಒಂದು ಡಿಗ್ರಿ ಚಲಿಸುವುದರಿಂದ, ಒಂದೇ ಕ್ಷಣದಲ್ಲಿ ಈ ಎರಡು ಊರುಗಳಲ್ಲಿ ಹುಟ್ಟಿದ ಮಕ್ಕಳ ಲಗ್ನದಲ್ಲಿ ಅರ್ಧ ಡಿಗ್ರಿಯಷ್ಟು ಅಂತರ ಬರುತ್ತದೆ. ಗ್ರಹಗಳ ರಾಶಿ, ನಕ್ಷತ್ರಗಳು ಮಾತ್ರ ಬದಲಾಗುವುದಿಲ್ಲ. ಜನ್ಮನಕ್ಷತ್ರಕ್ಕೆ ಈ ವ್ಯತ್ಯಾಸ ಲೆಕ್ಕಕ್ಕೇ ಬಾರದು; ಆದರೆ ರಾಶಿಯನ್ನು ಅರುವತ್ತು ಪಾಲು ಮಾಡುವ ಷಷ್ಟ್ಯಂಶ ಕುಂಡಲಿಯಲ್ಲಿ ಒಂದೊಂದು ಪಾಲೂ ಅರ್ಧ ಡಿಗ್ರಿಯೇ ಆಗಿದೆ. ಹುಟ್ಟಿದ ಹೊತ್ತನ್ನು ‘ಸುಮಾರು ಹತ್ತೂಕಾಲು’ ಎಂದು ಬರೆದಿಟ್ಟ ಮನೆಯವರ ಜಾತಕದಿಂದ ಷಷ್ಟ್ಯಂಶದ ಫಲ ತೆಗೆಯುವುದು ಗಣಿತದ ದೃಷ್ಟಿಯಿಂದಲೇ ಅಸಂಗತ.

ಸಣ್ಣ ಊರಿನ ಹೆಸರು ಪಟ್ಟಿಯಲ್ಲಿ ಇಲ್ಲವೆಂದು ಬೆಂಗಳೂರನ್ನು ಆರಿಸಿದರೆ ಮುಳಬಾಗಿಲಿನವರಿಗೆ ಮೂರು ನಿಮಿಷಕ್ಕೂ ಹೆಚ್ಚು ವ್ಯತ್ಯಾಸ ಬರುತ್ತದೆ. ಕೋಲಾರ ಎಂಬ ಹೆಸರಿನ ಪ್ರದೇಶ ಮಧ್ಯಪ್ರದೇಶದ ಭೋಪಾಲದಲ್ಲಿಯೂ ಇರುವುದರಿಂದ ಅಕ್ಷಾಂಶ, ರೇಖಾಂಶಗಳನ್ನು ಪರಿಶೀಲಿಸುವುದು ಅಗತ್ಯ. ಎರಡನೆಯ ಮಹಾಯುದ್ಧದ ಅವಧಿಯಲ್ಲಿ, 1942ರ ಸೆಪ್ಟೆಂಬರ್‌ನಿಂದ 1945ರ ಅಕ್ಟೋಬರ್‌ವರೆಗೆ, ದೇಶದ ಗಡಿಯಾರಗಳನ್ನು ಒಂದು ಗಂಟೆ ಮುಂದಿಡಲಾಗಿತ್ತು. ಆ ವರ್ಷಗಳಲ್ಲಿ ಹುಟ್ಟಿದ ಹಿರಿಯರ ಜಾತಕದಲ್ಲಿ ಇದನ್ನು ಕಳೆಯದಿದ್ದರೆ ಲಗ್ನವೇ ಮುಂದಿನ ರಾಶಿಗೆ ಹೋಗಬಹುದು.

ಅಯನಾಂಶ

ಪಾಶ್ಚಾತ್ಯ ಪದ್ಧತಿಯ ಸಾಯನ ರಾಶಿಚಕ್ರಕ್ಕೂ ಭಾರತೀಯ ನಿರಯನ ರಾಶಿಚಕ್ರಕ್ಕೂ ಇರುವ ಅಂತರವೇ ಅಯನಾಂಶ. ಈಗ ಅದು ಸುಮಾರು 24 ಡಿಗ್ರಿ. ನಿಖರ ಅಂಕಿಯ ಬಗ್ಗೆ ಜ್ಯೋತಿಷಿಗಳಲ್ಲಿಯೇ ಒಮ್ಮತವಿಲ್ಲ. ಮೇಘನಾದ ಸಾಹಾ ಅವರ ಅಧ್ಯಕ್ಷತೆಯ ಪಂಚಾಂಗ ಸುಧಾರಣಾ ಸಮಿತಿಯು 1955ರ ವರದಿಯಲ್ಲಿ ಶಿಫಾರಸು ಮಾಡಿದ, ಲಾಹಿರಿ ಅಯನಾಂಶವೆಂದು ಹೆಸರಾದ ಮೌಲ್ಯವನ್ನು ಕೇಂದ್ರ ಸರ್ಕಾರದ ರಾಷ್ಟ್ರೀಯ ಪಂಚಾಂಗ ಅನುಸರಿಸುತ್ತದೆ. ರಾಮನ್ ಅವರ ಅಯನಾಂಶ ಇದಕ್ಕಿಂತ ಸುಮಾರು ಒಂದೂವರೆ ಡಿಗ್ರಿ ಕಡಿಮೆ. ತಂತ್ರಾಂಶದಲ್ಲಿ ಇದು ಒಂದು ಆಯ್ಕೆಯ ಗುಂಡಿ ಮಾತ್ರ, ಪರಿಣಾಮ ಸಣ್ಣದಲ್ಲ. ಒಂದು ನಕ್ಷತ್ರದ ವ್ಯಾಪ್ತಿ 13 ಡಿಗ್ರಿ 20 ಕಲೆ. ವಿಂಶೋತ್ತರಿ ಪದ್ಧತಿಯಲ್ಲಿ ಶುಕ್ರದಶೆ 20 ವರ್ಷ. ಹುಟ್ಟಿದಾಗ ಶುಕ್ರದಶೆ ಇದ್ದವರಿಗೆ ಒಂದೂವರೆ ಡಿಗ್ರಿಯ ಬದಲಾವಣೆಯಿಂದ ಮುಂದಿನ ಎಲ್ಲ ದಶೆಗಳ ಆರಂಭವೂ ಎರಡು ವರ್ಷಕ್ಕೂ ಹೆಚ್ಚು ಸರಿದುಹೋಗುತ್ತದೆ. ನಡೆದುಹೋದ ಘಟನೆಗೆ ಹೊಂದುವವರೆಗೆ ಅಯನಾಂಶವನ್ನು ಬದಲಿಸುತ್ತ ಹೋಗುವುದು ಸ್ವಯಂ ಅಧ್ಯಯನ ಮಾಡುವವರಲ್ಲಿ ಕಾಣುವ ಅಭ್ಯಾಸ. ಹಾಗೆ ಮಾಡಿದಾಗ ಜಾತಕವು ಘಟನೆಯನ್ನು ಸೂಚಿಸಿತೆಂದು ಹೇಳಲು ಬರುವುದಿಲ್ಲ.

ಗಡಿಭಾಗದ ಪಂಚಾಂಗಗಳು

ಮುಳಬಾಗಿಲು, ಶ್ರೀನಿವಾಸಪುರಗಳು ಆಂಧ್ರಪ್ರದೇಶಕ್ಕೂ, ಮಾಲೂರು ತಮಿಳುನಾಡಿನ ಹೊಸೂರು ಕಡೆಗೂ ಹೊಂದಿಕೊಂಡಿವೆ. ಕನ್ನಡ, ತೆಲುಗು ಎರಡೂ ಬಲ್ಲವರು ಇಲ್ಲಿ ಹೆಚ್ಚು. ಈ ಎರಡು ಭಾಷೆಗಳ ಪಂಚಾಂಗಗಳು ಚಾಂದ್ರಮಾನವನ್ನೇ ಅನುಸರಿಸುವುದರಿಂದ ಮಾಸ, ತಿಥಿಗಳ ಹೆಸರಿನಲ್ಲಿ ಗೊಂದಲವಾಗದು. ತಮಿಳು ಪಂಚಾಂಗವು ಸೌರಮಾನದ್ದು. ಅಲ್ಲಿ ಹಳೆಯ ವಾಕ್ಯ ಪದ್ಧತಿಯೂ ಬಳಕೆಯಲ್ಲಿದೆ. ವಾಕ್ಯ ಮತ್ತು ದೃಗ್ಗಣಿತ ಪಂಚಾಂಗಗಳಲ್ಲಿ ತಿಥಿ ಮುಗಿಯುವ ವೇಳೆ ಬೇರೆಯಾಗುತ್ತದೆ. ರಾಹುಕಾಲವೂ ಹೀಗೆಯೇ: ಸೋಮವಾರ ಏಳೂವರೆಯಿಂದ ಒಂಬತ್ತು ಎಂಬ ರೂಢಿಯ ಲೆಕ್ಕವು ಆರಕ್ಕೆ ಸರಿಯಾಗಿ ಸೂರ್ಯೋದಯವಾಗುವುದೆಂಬ ಊಹೆಯ ಮೇಲೆ ನಿಂತಿದೆ.

ಸಾಲಾವಳಿ ಮತ್ತು ಕುಜದೋಷ

ಕಲಿತವರ ಬಳಿಗೆ ನೆರೆಹೊರೆಯವರು ಮೊದಲು ಬರುವುದು ಹುಡುಗ ಹುಡುಗಿಯ ಜಾತಕ ಹಿಡಿದು. ಸಾಲಾವಳಿಯ 36 ಗುಣಗಳು ವರ್ಣದ ಒಂದರಿಂದ ನಾಡಿಯ ಎಂಟರವರೆಗೆ ಎಂಟು ಕೂಟಗಳ ಮೊತ್ತ. ಇವು ನಿರ್ಧಾರವಾಗುವುದು ಇಬ್ಬರ ಜನ್ಮನಕ್ಷತ್ರ ಹಾಗೂ ಚಂದ್ರರಾಶಿಯಿಂದ ಮಾತ್ರ. ಅಂತರಜಾಲದಲ್ಲಿ ಬಣ್ಣದ ಪಟ್ಟಿಗಳೊಂದಿಗೆ ಬರುವ ‘ಹೊಂದಾಣಿಕೆ ವರದಿ’ಯ ಅಂಕವು ಪಂಚಾಂಗಗಳಲ್ಲಿ ಅಚ್ಚಾಗುವ ಸಾಲಾವಳಿ ಕೋಷ್ಟಕಕ್ಕಿಂತ ಹೆಚ್ಚಿನದನ್ನೇನೂ ಹೇಳುವುದಿಲ್ಲ.

ಕುಜದೋಷದ ಲೆಕ್ಕ ಇನ್ನೂ ಗಮನಾರ್ಹ. ದಕ್ಷಿಣದ ರೂಢಿಯಂತೆ ಲಗ್ನದಿಂದ 2, 4, 7, 8, 12ನೆಯ ಮನೆಗಳಲ್ಲಿ ಕುಜನಿದ್ದರೆ ದೋಷ. ಹನ್ನೆರಡು ಮನೆಗಳಲ್ಲಿ ಐದೆಂದರೆ ಹೆಚ್ಚುಕಡಿಮೆ ಐವರಲ್ಲಿ ಇಬ್ಬರಿಗೆ ದೋಷ ಬಂತು. ಚಂದ್ರನಿಂದಲೂ ಶುಕ್ರನಿಂದಲೂ ಎಣಿಸಬೇಕೆಂದರೆ ದೋಷವಿಲ್ಲದವರೇ ವಿರಳ. ಗ್ರಂಥಗಳು ಹಾಗೂ ಸಂಪ್ರದಾಯ ಇದಕ್ಕೆ ಅನೇಕ ಪರಿಹಾರ ನಿಯಮಗಳನ್ನು ಹೇಳಿವೆ. ಬಹಳಷ್ಟು ಉಚಿತ ಜಾಲತಾಣಗಳು ‘ದೋಷವಿದೆ’ ಎಂಬ ಒಂದೇ ಸಾಲನ್ನು ತೋರಿಸುತ್ತವೆ. ಶಾಂತಿ, ಹರಳುಗಳ ಮಾರಾಟದ ಜಾಹೀರಾತು ಕೆಲವೆಡೆ ಅದರ ಕೆಳಗೇ ಇರುತ್ತದೆ. ಒಂದು ಹೆಣ್ಣುಮಗುವಿನ ಸಂಬಂಧ ಇಂಥ ಒಂದು ಸಾಲಿನಿಂದ ತಪ್ಪಿಹೋಗಬಹುದಾದ್ದರಿಂದ ಈ ಅಂಕಗಣಿತವನ್ನು ತಿಳಿದಿರುವುದು ಶಾಸ್ತ್ರವನ್ನು ನಂಬುವವರಿಗೂ ಅವಶ್ಯಕ.

ಗ್ರಂಥಗಳು

ವರಾಹಮಿಹಿರನ (ಆರನೆಯ ಶತಮಾನ) ‘ಬೃಹಜ್ಜಾತಕ’, ಮಂತ್ರೇಶ್ವರನ ‘ಫಲದೀಪಿಕಾ’ ಮೊದಲಾದವುಗಳ ಹಳೆಯ ಮುದ್ರಣಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಸಿಗುತ್ತವೆ. ಪರಾಶರನ ಹೆಸರಿನ ‘ಬೃಹತ್ಪಾರಾಶರ ಹೋರಾಶಾಸ್ತ್ರ’ದ ಆವೃತ್ತಿಗಳಲ್ಲಿ ಅಧ್ಯಾಯಗಳ ಸಂಖ್ಯೆಯೇ ಬೇರೆಬೇರೆ, ಶ್ಲೋಕಸಂಖ್ಯೆ ನೀಡುವವರು ಯಾವ ಆವೃತ್ತಿಯೆಂದು ಹೇಳದಿದ್ದರೆ ಹುಡುಕುವುದು ಕಷ್ಟ. ಭಾರತದಲ್ಲಿ ಲೇಖಕರು ತೀರಿಕೊಂಡ 60 ವರ್ಷಗಳವರೆಗೆ ಹಕ್ಕುಸ್ವಾಮ್ಯವಿರುವುದರಿಂದ ರಾಮನ್ ಅವರ ಪುಸ್ತಕಗಳು ಎಲ್ಲೋ ಉಚಿತವಾಗಿ ಕಂಡರೂ ಅವು ಸಾರ್ವಜನಿಕ ಸ್ವತ್ತಲ್ಲ.

ಪರೀಕ್ಷೆ ಮತ್ತು ವಿವಾದ

ಜ್ಯೋತಿಷ್ಯದ ಫಲಭಾಗವನ್ನು ವಿಜ್ಞಾನಿಗಳು ಒಪ್ಪಿಲ್ಲ. 1985ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಶಾನ್ ಕಾರ್ಲ್‌ಸನ್ ಅವರ ಪರೀಕ್ಷೆಯಲ್ಲಿ ಪಾಶ್ಚಾತ್ಯ ಜ್ಯೋತಿಷಿಗಳ ಆಯ್ಕೆ ಆಕಸ್ಮಿಕಕ್ಕಿಂತ ಮೇಲಾಗಿರಲಿಲ್ಲ. ಖಗೋಳವಿಜ್ಞಾನಿ ಜಯಂತ ನಾರ್ಳೀಕರ್ ಮತ್ತು ಸಂಗಡಿಗರು ಮಹಾರಾಷ್ಟ್ರದಲ್ಲಿ ಇನ್ನೂರು ಮಕ್ಕಳ ಜನನ ವಿವರಗಳನ್ನು ಸಂಗ್ರಹಿಸಿ, ಅವರಲ್ಲಿ ಪ್ರತಿಭಾವಂತರು ಯಾರು, ಬುದ್ಧಿಮಾಂದ್ಯರು ಯಾರು ಎಂದು ಗುರುತಿಸಲು ಜ್ಯೋತಿಷಿಗಳನ್ನು ಕೋರಿದರು. ಉತ್ತರ ಕಳಿಸಿದ 27 ಮಂದಿಯ ಸರಾಸರಿ ಯಶಸ್ಸು ಶೇ. 46. ನಾಣ್ಯ ಚಿಮ್ಮಿದ್ದರೂ ಶೇ. 50 ಬರುತ್ತಿತ್ತು.

ಈ ವಾದದಲ್ಲಿ ಕೋಲಾರ ಸೀಮೆಯದ್ದೂ ಒಂದು ಹೆಸರಿದೆ. ಅಂದಿನ ಕೋಲಾರ ಜಿಲ್ಲೆಗೆ ಸೇರಿದ್ದ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಜನಿಸಿದ ಭೌತವಿಜ್ಞಾನಿ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳನ್ನೂ ಪರೀಕ್ಷೆಗೆ ಒಳಪಡಿಸಬಹುದಾದ ಮೂಢನಂಬಿಕೆಗಳನ್ನೂ ತನಿಖೆ ಮಾಡುವ ಸಮಿತಿಯನ್ನು ರಚಿಸಿದರು. ಇನ್ನೊಂದು ಕಡೆ, ವಿಶ್ವವಿದ್ಯಾಲಯಗಳಲ್ಲಿ ಜ್ಯೋತಿಷ್ಯ ಬೋಧನೆಗೆ ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2001ರಲ್ಲಿ ಕೈಗೊಂಡ ನಿರ್ಧಾರವನ್ನು ವಿಜ್ಞಾನಿ ಪಿ. ಎಂ. ಭಾರ್ಗವ ಮತ್ತಿತರರು ಪ್ರಶ್ನಿಸಿದಾಗ ಸರ್ವೋಚ್ಚ ನ್ಯಾಯಾಲಯವು 2004ರಲ್ಲಿ ಮೇಲ್ಮನವಿಯನ್ನು ತಳ್ಳಿಹಾಕಿತು. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯವು 2021ರಲ್ಲಿ ಜ್ಯೋತಿಷ್ಯದಲ್ಲಿ ಸ್ನಾತಕೋತ್ತರ ಪದವಿಯನ್ನು ಆರಂಭಿಸಿತು.